‘ಸರ್‌ಗೆ ಹೇಳ್ಬೇಡ ಅಮ್ಮ’

ಮೈಸೂರಿನ ತಾಯಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಆರು ವರ್ಷದ ಮಗಳು ವರ್ಷದಿಂದ ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಹೋಗುತ್ತಿದ್ದಾಳೆ, ವಾರಕ್ಕೆ ಎರಡು ದಿನ. ಮೈ ಹಗುರ, ಭಯ ಕಡಿಮೆ. ಸೋಫಾ ಮೇಲಿಂದ ಲಾಗ ಹಾಕುತ್ತಾಳೆ, ಗೋಡೆಗೆ ಕಾಲು ಚಾಚಿ ತಲೆಕೆಳಗಾಗಿ ನಿಂತು ಟೀವಿ ನೋಡುತ್ತಾಳೆ. ಈಗ ಕೋಚ್ ಅವಳನ್ನು ಕಾಂಪಿಟೇಶನ್ ಬ್ಯಾಚಿಗೆ ಸೇರಿಸಿ ಎನ್ನುತ್ತಿದ್ದಾರೆ. ವಾರಕ್ಕೆ ಐದು ದಿನ, ದಿನಕ್ಕೆ ಮೂರು ಗಂಟೆ. ತಿಂಗಳ ಕೊನೆಯೊಳಗೆ ಹೇಳಬೇಕಂತೆ, ಇಲ್ಲದಿದ್ದರೆ ವಯಸ್ಸು ಮೀರಿಹೋಗುತ್ತದಂತೆ. ಗಂಡನಿಗೆ ಸೇರಿಸುವ ಆಸೆ. ಅತ್ತೆ ಸುತರಾಂ ಬೇಡ ಅಂತಾರೆ. ಮೈದುನ ಮಗುವಿನ ರೀಲ್ ಹಾಕಿ, ಒಲಿಂಪಿಕ್ಸ್‌ಗೆ ಹೋಗಿದ್ದ ನಮ್ಮ ಜಿಮ್ನಾಸ್ಟ್ ಹೆಸರು ಹಿಡಿದು ‘ಮುಂದಿನ ದೀಪಾ ಕರ್ಮಾಕರ್’ ಎಂದು ಬರೆದು ಊರಿಗೆಲ್ಲ ಹಂಚಿದ್ದಾನೆ. ಸೇರಿಸಲಾ, ಬೇಡವಾ ಎಂಬುದು ತಾಯಿಯ ಪ್ರಶ್ನೆ.

ಇದೆಲ್ಲ ಮುಗಿದ ಮೇಲೆ, ಕೊನೆಯ ಪುಟದ ತುದಿಯಲ್ಲಿ ಇಷ್ಟಿದೆ: ‘ಹದಿನೈದು ದಿನದಿಂದ ಮಣಿಕಟ್ಟು ನೋವು ಅಂತಾಳೆ. ಎಣ್ಣೆ ಹಚ್ಚುತ್ತಿದ್ದೇನೆ. ನೆಲದಿಂದ ಏಳುವಾಗ ಅಂಗೈ ಬದಲು ಮುಷ್ಟಿ ಊರುತ್ತಾಳೆ ಅಂತ ಅತ್ತೆ ಹೇಳಿದರು. ಆದರೆ ಸರ್‌ಗೆ ಹೇಳ್ಬೇಡ ಅಮ್ಮ ಅಂತ ಅಳ್ತಾಳೆ. ಮಕ್ಕಳು ಹಾಗೇ ಅಲ್ವಾ.’

ಅಲ್ಲಮ್ಮ. ಆರು ವರ್ಷದ ಮಕ್ಕಳು ಹಾಗಲ್ಲ. ಮೊಣಕಾಲು ಒಂಚೂರು ತರಚಿದರೆ ಪಕ್ಕದ ಮನೆಯವರಿಗೆ, ಆಟೋದವರಿಗೆ, ಮನೆಗೆ ಬಂದ ನೆಂಟರಿಗೆ, ಎಲ್ಲರಿಗೂ ತೋರಿಸುವ ವಯಸ್ಸು ಅದು. ಆ ವಯಸ್ಸಿನ ಮಗು ನೋವನ್ನು ಒಬ್ಬ ಮನುಷ್ಯನಿಂದ ಮಾತ್ರ ಬಚ್ಚಿಡುತ್ತಿದ್ದರೆ, ಅಲ್ಲಿ ಹೇಳಿಕೊಂಡರೆ ಏನೋ ಆಗುತ್ತದೆ ಎಂದು ಅದಕ್ಕೆ ಗೊತ್ತಾಗಿದೆ. ಬೈಗುಳ ಇರಬಹುದು. ಬೇರೆ ಮಗುವಿಗೆ ಆದದ್ದನ್ನು ನೋಡಿರಬಹುದು. ಬ್ಯಾಚಿನಿಂದ ತೆಗೆದುಬಿಡುತ್ತಾರೆ ಎಂಬ ಹೆದರಿಕೆಯೂ ಇರಬಹುದು. ಯಾವುದು ಎಂದು ನೀವು ಕಂಡುಹಿಡಿಯಲೇಬೇಕು.

ಮಣಿಕಟ್ಟನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಬೇರೆ ಆಟಗಳಲ್ಲಿ ಮೈಭಾರ ಹೊರುವುದು ಕಾಲು, ಇಲ್ಲಿ ಕೈಯೂ ಹೊರಬೇಕು. ಮಕ್ಕಳ ಮೂಳೆಯ ತುದಿಯಲ್ಲಿ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಮತ್ತೆ ಮತ್ತೆ ಅಂಗೈ ಊರಿ ಪಲ್ಟಿ ಹೊಡೆದಾಗ ಮುಂಗೈ ಮೂಳೆಯ ಆ ಭಾಗಕ್ಕೆ ಪೆಟ್ಟಾಗಬಹುದು. ಅದಕ್ಕೆ ಮುಖ್ಯ ಮದ್ದು ವಿಶ್ರಾಂತಿ. ನೋವಿನಲ್ಲೇ ಮುಂದುವರಿಸಿದರೆ ಮೂಳೆಯ ಬೆಳವಣಿಗೆಯೇ ಹೆಚ್ಚುಕಡಿಮೆ ಆಗುವ ಅಪಾಯ ಇದೆ. ನಿಮ್ಮ ಮಗಳಿಗೆ ಆಗಿರುವುದು ಅದೇ ಅಂತ ನಾನು ಹೇಳುತ್ತಿಲ್ಲ, ಅದನ್ನು ಮೂಳೆ ಡಾಕ್ಟರ್ ನೋಡಿ ಹೇಳಬೇಕು. ಆದರೆ ಅಂಗೈ ಊರಲಾಗದೆ ಮುಷ್ಟಿ ಊರುವುದು ಸುಮ್ನೆ ಅಲ್ಲ. ಅದನ್ನು ಮೊದಲು ಕಂಡವರು ನಿಮ್ಮ ಅತ್ತೆ. ‘ಹೆಣ್ಣುಮಗು, ನಾಳೆ ಮದುವೆ’ ಎಂಬ ಅವರ ವಾದ ನನಗೆ ಒಪ್ಪಿಗೆಯಿಲ್ಲ. ಆದರೆ ಮನೆಯಲ್ಲಿ ಆ ಮಗುವನ್ನು ಸರಿಯಾಗಿ ನೋಡುತ್ತಿರುವವರು ಅವರೇ.

ನಿಮ್ಮ ಗಂಡನ ಆಸೆಯಲ್ಲಿ ತಪ್ಪಿಲ್ಲ. ಅಗರ್ತಲಾದ ದೀಪಾ ಕೂಡ ಆರನೇ ವಯಸ್ಸಿಗೆ ಶುರು ಮಾಡಿದವರು. ಚಪ್ಪಟೆ ಪಾದ, ಈ ಆಟಕ್ಕೆ ಆಗದು ಎನ್ನುವಂಥದ್ದು. ಕೋಚ್ ಬಿಶ್ವೇಶ್ವರ ನಂದಿ ಜೊತೆ ವರ್ಷಗಟ್ಟಲೆ ದುಡಿದು 2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ, ಅಂದರೆ ಓಡಿಬಂದು ಮೇಜಿನಂಥ ಸಾಧನಕ್ಕೆ ಕೈ ಊರಿ ಹಾರುವ ಸ್ಪರ್ಧೆಯಲ್ಲಿ, ನಾಲ್ಕನೆಯವರಾದರು. ಕಂಚು ತಪ್ಪಿದ್ದು ಬರೀ 0.15 ಅಂಕದಿಂದ. ನನಗೂ ಅದು ಹೆಮ್ಮೆ. ಆದರೆ ಆರಕ್ಕೆ ಶುರು ಮಾಡಿದವರು ಅಲ್ಲಿಗೆ ಮುಟ್ಟಿದ್ದು ಇಪ್ಪತ್ಮೂರನೇ ವಯಸ್ಸಿಗೆ. ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ ಗೆದ್ದಾಗ, 2024ರಲ್ಲಿ, ಅವರಿಗೆ ಮೂವತ್ತಾಗಿತ್ತು. ಈ ಆಟದಲ್ಲಿ ಹುಡುಗಿಯರು ಒಲಿಂಪಿಕ್ಸ್‌ಗೆ ಇಳಿಯಲು, ಅದು ನಡೆಯುವ ವರ್ಷದಲ್ಲಿ ಹದಿನಾರಾದರೂ ತುಂಬಬೇಕು ಎಂಬ ನಿಯಮ 1997ರಿಂದಲೇ ಇದೆ. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡುವಾಗ ನಲವತ್ತಾರು. ಹೀಗಿರುವಾಗ ತಿಂಗಳ ಕೊನೆಯ ಈ ಗಡುವು ಯಾರಿಗಾಗಿ? ಮಕ್ಕಳ ವಿಷಯದಲ್ಲಿ ಗಡುವು ಹಾಕುವವರನ್ನು ನಾನು ನಂಬುವುದಿಲ್ಲ, ಎಲ್‌ಕೆಜಿ ಸೀಟಾದರೂ ಅಷ್ಟೇ, ಬ್ಯಾಚಾದರೂ ಅಷ್ಟೇ.

ಗಂಟೆಗಳ ಮಾತಿಗೆ ಬರೋಣ. ಕ್ರೀಡಾ ವೈದ್ಯರು ಹೇಳುವ ಒಂದು ಸುಲಭ ಲೆಕ್ಕ ಇದೆ: ಮಗುವಿಗೆ ಎಷ್ಟು ವರ್ಷವೋ, ವಾರಕ್ಕೆ ಅದಕ್ಕಿಂತ ಜಾಸ್ತಿ ಗಂಟೆ ತರಬೇತಿ ಬೇಡ. ನಿಮ್ಮ ಮಗಳಿಗೆ ಆರು. ಕೋಚ್ ಕೇಳುತ್ತಿರುವುದು ಹದಿನೈದು.

ಈ ಆಟ ಎಲ್ಲಿ ಕೆಟ್ಟಿತು ಎಂಬುದನ್ನೂ ಹೇಳಬೇಕು. ಬ್ರಿಟನ್‌ನ ಜಿಮ್ನಾಸ್ಟಿಕ್ಸ್ ಬಗ್ಗೆ 2022ರಲ್ಲಿ ಬಂದ ವೈಟ್ ತನಿಖಾ ವರದಿ ಓದಿದರೆ ಎದೆ ಒಡೆಯುತ್ತದೆ. ಗಾಯವಾದ ಮಕ್ಕಳನ್ನು ಹಾಗೇ ಆಡಿಸಿದ್ದು, ನೀರು ಕುಡಿಯಲು, ಶೌಚಕ್ಕೆ ಹೋಗಲು ಬಿಡದೆ ಇದ್ದದ್ದು, ತೂಕಕ್ಕಾಗಿ ಅವಮಾನ ಮಾಡಿದ್ದು ಎಲ್ಲ ಅದರಲ್ಲಿದೆ. ಮಕ್ಕಳಿಗೆ ಬಾಯಿಬಿಡಲು ಭಯ. ಅಪ್ಪ ಅಮ್ಮಂದಿರಿಗೆ ಮಗುವಿನ ಅವಕಾಶ ತಪ್ಪೀತೆಂಬ ಭಯ. ಅದೇ ಆಟದಲ್ಲಿ ಅಮೆರಿಕದ ಸಿಮೋನ್ ಬೈಲ್ಸ್ ಕೂಡ ಇದ್ದಾರೆ. ಟೋಕಿಯೊದಲ್ಲಿ ಗಾಳಿಯಲ್ಲಿ ದಿಕ್ಕೇ ತಿಳಿಯುತ್ತಿಲ್ಲ, ಆಡಲಾರೆ ಎಂದು ಇಡೀ ಜಗತ್ತಿನ ಮುಂದೆ ಹಿಂದೆ ಸರಿದರು. 2024ರಲ್ಲಿ ಪ್ಯಾರಿಸ್‌ಗೆ ಬಂದು ಮೂರು ಚಿನ್ನ ಗೆದ್ದರು. ‘ಇವತ್ತು ಆಗಲ್ಲ’ ಅನ್ನುವ ಧೈರ್ಯ ಆಟಗಾರ್ತಿಗೆ ಬೇಕೇ ಬೇಕು. ನಿಮ್ಮ ಮಗಳು ಆರಕ್ಕೇ ಅದರ ಉಲ್ಟಾ ಪಾಠ ಕಲಿಯುತ್ತಿದ್ದಾಳೆ.

ಇದರಲ್ಲಿ ನನಗೆ ಜಾಸ್ತಿ ಸಿಟ್ಟು ಬಂದಿರುವುದು ನಿಮ್ಮ ಮೈದುನನ ಮೇಲೆ. ಅವನು ಫೀಸ್ ಕಟ್ಟಲ್ಲ, ಕ್ಲಾಸಿಗೆ ಬಿಡಲ್ಲ, ರಾತ್ರಿ ಮಣಿಕಟ್ಟಿಗೆ ಎಣ್ಣೆ ಹಚ್ಚಲ್ಲ. ಆದರೂ ಮಗುವಿನ ತಲೆ ಮೇಲೆ ದೇಶದ ಪದಕ ಹೊರಿಸಿದ್ದಾನೆ. ‘ಚಿಕ್ಕಪ್ಪ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ’ ಎಂಬುದು ಆ ಮಗುವಿಗೆ ಎಷ್ಟು ದೊಡ್ಡ ಭಾರ! ಆ ರೀಲ್ ಇವತ್ತೇ ತೆಗೆಸಿ.

ನಾನು ಹೇಳುವ ಕೆಲಸ ಒಂದೇ. ಡಾಕ್ಟರಿಗೆ ತೋರಿಸಿದ ಮಾರನೇ ದಿನ ನೀವೂ ನಿಮ್ಮ ಯಜಮಾನರೂ ಮಗಳ ಜೊತೆ ಕ್ಲಾಸಿಗೆ ಹೋಗಿ, ಅವಳ ಎದುರಿಗೇ ‘ಸರ್, ಇವಳಿಗೆ ಮಣಿಕಟ್ಟು ನೋಯ್ತಿದೆ’ ಅನ್ನಿ. ಆಮೇಲೆ ಸುಮ್ಮನಿದ್ದು ನೋಡಿ. ಅವರು ಬಗ್ಗಿ ಕೈ ಹಿಡಿದು ಎಲ್ಲಿ ಅಂತ ಕೇಳಿದರೆ, ಯಾಕಮ್ಮ ಹೇಳಲಿಲ್ಲ ಅಂದರೆ, ಡಾಕ್ಟರ್ ಹೇಳಿದಷ್ಟು ದಿನ ಬರಬೇಡ ಅಂದರೆ, ಅಂಥವರ ಹತ್ತಿರ ಹಳೇ ಎರಡು ದಿನದ ಬ್ಯಾಚಿನಲ್ಲೇ ಮುಂದುವರಿಯಲಿ. ಕಾಂಪಿಟೇಶನ್ ಮಾತು ಎರಡು ವರ್ಷ ಬಿಟ್ಟು ಅವರೊಂದಿಗೇ ಆಡಿ. ‘ಇದೆಲ್ಲ ಮಾಮೂಲಿ, ನೀವು ಮುದ್ದು ಮಾಡಿ ಹಾಳುಮಾಡ್ತಿದ್ದೀರಿ’ ಅಂದರೆ ಬ್ಯಾಗ್ ತೆಗೆದುಕೊಂಡು ಹೊರಗೆ ಬನ್ನಿ, ಕಟ್ಟಿದ ಫೀಸ್ ಹೋದರೆ ಹೋಗಲಿ. ಕೈ ವಾಸಿಯಾದ ಮೇಲೆ ಬೇರೆ ಕ್ಲಾಸ್ ಹುಡುಕಿ. ಸೇರಿಸುವ ಮೊದಲು, ಮಗುವಿಗೆ ನೋವಾದರೆ ಏನು ಮಾಡ್ತೀರಿ ಅಂತ ಅಲ್ಲಿನ ಕೋಚ್‌ನ ಕೇಳಿ.