ಗಿಡದ ಪಕ್ಕದ ಕಲ್ಲು

ಕಳೆದ ಸಂಚಿಕೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಯೊಂದರ ಬಗ್ಗೆ ಬರೆದಿದ್ದೆವು. ಕೊರೊನಾದಲ್ಲಿ ತೀರಿಕೊಂಡವರ ನೆನಪಿಗೆ ಆ ಊರಿನವರು ಹಳೆಯ ಗುಂಡುತೋಪಿನಲ್ಲಿ ಮನೆಗೊಂದು ಸಸಿ ನೆಟ್ಟಿದ್ದರು. ನಮ್ಮ ಲೇಖಕರು ಅದನ್ನು 'ಊರೇ ಸೇರಿ ಮಾಡಿದ ಕಲಾಕೃತಿ' ಎಂದು ಕರೆದಿದ್ದರು. ಅದನ್ನು ಓದಿದ ಗೌರಿಬಿದನೂರು ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಗಿಡ ನೆಡುವುದು ಯಾವಾಗಿನಿಂದ ಕಲೆಯಾಯಿತು? ನನ್ನ ಸರ್ವೀಸಿನಲ್ಲಿ ವರ್ಷ ತಪ್ಪದೆ ವನಮಹೋತ್ಸವ ಮಾಡಿಸಿದ್ದೇನೆ. ಒಂದೇ ಗುಂಡಿಯಲ್ಲಿ ಮೂರು ವರ್ಷ ಗಿಡ ನೆಟ್ಟದ್ದೂ ಉಂಟು. ಯುಗಾದಿ ಹೊತ್ತಿಗೆ ಗಿಡ ಒಣಗಿರುತ್ತದೆ, ನೆಟ್ಟವರ ಹೆಸರಿನ ಬೋರ್ಡು ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಸತ್ತವರ ನೆನಪು ಉಳಿಯಬೇಕಾದರೆ ಕಲ್ಲು ನಿಲ್ಲಿಸಲಿ. ಕಲ್ಲಿಗೆ ನೀರು ಹಾಕಬೇಕಾಗಿಲ್ಲ. ಇನ್ನು ಗಿಡದಿಂದ ಶಾಂತಿ ಅಂತ ಬರೆದಿದ್ದೀರಲ್ಲ, ಅದು ನನಗೆ ಅರ್ಥವೇ ಆಗಲಿಲ್ಲ."

ಸಹಿಯ ಕೆಳಗೆ ಇನ್ನೆರಡು ಸಾಲು ಇವೆ. ಅವಕ್ಕೆ ಕೊನೆಯಲ್ಲಿ ಬರುತ್ತೇನೆ.

ಮಾನ್ಯ ಮೇಷ್ಟ್ರೇ,

'ಒಂದೇ ಗುಂಡಿಯಲ್ಲಿ ಮೂರು ವರ್ಷ' ಎಂಬ ನಿಮ್ಮ ಮಾತಿಗೆ ನನ್ನ ಬಳಿ ಎದುರುತ್ತರವಿಲ್ಲ. ಕೆ. ಎಂ. ಮುನ್ಷಿಯವರು ಕೇಂದ್ರದಲ್ಲಿ ಸಚಿವರಾಗಿದ್ದಾಗ, 1950ರಲ್ಲಿ, ವನಮಹೋತ್ಸವ ಶುರುವಾಯಿತು. ಅಲ್ಲಿಂದ ಇಲ್ಲಿಯವರೆಗೆ ನೆಟ್ಟದ್ದೆಲ್ಲ ಬದುಕಿದ್ದರೆ ನಮ್ಮ ಬಯಲುಸೀಮೆ ಹೀಗೆ ಬೋಳಾಗಿ ಇರುತ್ತಿರಲಿಲ್ಲ. ನಾನೂ ಒಂದು ನೇರಳೆ ಸಸಿ ನೆಟ್ಟಿದ್ದೇನೆ, ಹತ್ತು ಹನ್ನೆರಡು ವರ್ಷದ ಹಿಂದೆ, ಒಂದು ಸಮಾರಂಭದಲ್ಲಿ. ಫೋಟೊ ತೆಗೆದರು. ಕೈ ತೊಳೆಯಲು ಚೊಂಬಿನಲ್ಲಿ ನೀರು ಕೊಟ್ಟರು. ಆ ನೀರಾದರೂ ಗಿಡದ ಬುಡಕ್ಕೆ ಬೀಳಲಿ ಎಂದು ನನಗೆ ಹೊಳೆಯಲಿಲ್ಲ. ಮತ್ತೆ ಆ ಕಡೆ ಹೋಗಿಲ್ಲ. ನಿಮ್ಮ ಪತ್ರ ಬಂದಾಗಿನಿಂದ ಆ ಸಸಿ ಮನಸ್ಸನ್ನು ಕೊರೆಯುತ್ತಿದೆ.

ಇಷ್ಟು ಒಪ್ಪಿಕೊಂಡ ಮೇಲೆ ಕಲ್ಲಿನ ವಿಷಯಕ್ಕೆ ಬರುತ್ತೇನೆ. ಕಲ್ಲನ್ನೂ ಗಿಡವನ್ನೂ ಜೊತೆಗೇ ನಿಲ್ಲಿಸಿದ ಊರೊಂದಿದೆ.

ಜರ್ಮನಿಯ ಕಾಸೆಲ್. 1943ರ ಅಕ್ಟೋಬರ್‌ನಲ್ಲಿ ಒಂದೇ ರಾತ್ರಿಯ ಬಾಂಬ್ ದಾಳಿಗೆ ಆ ಊರಿನ ನಡುಭಾಗವೆಲ್ಲ ಸುಟ್ಟುಹೋಗಿ ಸಾವಿರಾರು ಜನ ಸತ್ತರು. ಯುದ್ಧ ಮುಗಿದ ಮೇಲೆ ಅಲ್ಲಿ 'ಡಾಕ್ಯುಮೆಂಟಾ' ಎಂಬ ದೊಡ್ಡ ಕಲಾಪ್ರದರ್ಶನ ಶುರುವಾಯಿತು. 1982ರ ಪ್ರದರ್ಶನಕ್ಕೆ ಬಂದ ಯೋಸೆಫ್ ಬಾಯ್ಸ್ ಎಂಬ ಕಲಾವಿದರು, ಹರೆಯದಲ್ಲಿ ಅದೇ ಯುದ್ಧದಲ್ಲಿ ಜರ್ಮನಿಯ ವಾಯುಪಡೆಯಲ್ಲಿ ಇದ್ದವರು, ಚಿತ್ರ ಬರೆಯಲಿಲ್ಲ, ಮೂರ್ತಿ ಕೆತ್ತಲಿಲ್ಲ. 7000 ಕಪ್ಪುಕಲ್ಲಿನ ಕಂಬ ತರಿಸಿ ಮ್ಯೂಸಿಯಂ ಎದುರು ರಾಶಿ ಹಾಕಿಸಿದರು. ಕರಾರು ಒಂದೇ. ಊರಿನಲ್ಲಿ ಎಲ್ಲೇ ಒಂದು ಗಿಡ ನೆಟ್ಟರೂ ರಾಶಿಯಿಂದ ಒಂದು ಕಲ್ಲು ತೆಗೆದು ಅದರ ಪಕ್ಕ ಹೂಳಿ ನಿಲ್ಲಿಸಬೇಕು. ಗಿಡ ನೆಡದಿದ್ದರೆ ಕಲ್ಲು ಅಲ್ಲೇ ಬಿದ್ದಿರುತ್ತದೆ, ಊರಿನವರು ದಿನಾ ನೋಡಬೇಕು. ಎಷ್ಟೋ ಜನಕ್ಕೆ ಸಿಟ್ಟು ಬಂತು. ಆದರೂ ರಾಶಿ ಕರಗುತ್ತಾ ಹೋಯಿತು. 1986ರ ಜನವರಿಯಲ್ಲಿ ಬಾಯ್ಸ್ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. 1987ರಲ್ಲಿ ಕೊನೆಯ ಓಕ್ ಗಿಡವನ್ನು ಅವರ ಮಗ ನೆಟ್ಟರು. ನೆಟ್ಟ ಹೊಸದರಲ್ಲಿ ಕಲ್ಲೇ ಎದ್ದು ಕಾಣುತ್ತಿತ್ತು, ಗಿಡ ಕಡ್ಡಿಯ ಹಾಗಿತ್ತು. ಈಗ ಹೋದರೆ ಮರ ಕಾಣುತ್ತದೆ, ಕಲ್ಲನ್ನು ಬುಡದಲ್ಲಿ ಹುಡುಕಿ ನೋಡಬೇಕು.

ಇದನ್ನು ಮೊದಲ ಸಲ ತಿಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಕಾಸೆಲ್ ಅಲ್ಲ, ನಿಮ್ಮ ತಾಲ್ಲೂಕಿನ ವಿದುರಾಶ್ವತ್ಥ. ಉತ್ತರ ಪಿನಾಕಿನಿಯ ದಂಡೆಯಲ್ಲಿ ವಿದುರ ನೆಟ್ಟ ಅರಳಿ ಎಂದು ಜನ ನಂಬಿದ್ದ ಮರ, ಅದರ ಸುತ್ತ ಸಾವಿರಾರು ನಾಗರಕಲ್ಲು. ಆ ಕಲ್ಲುಗಳನ್ನು ಒಬ್ಬ ಶಿಲ್ಪಿ ಕೂತು ಯೋಜನೆ ಹಾಕಿ ಜೋಡಿಸಿದ್ದಲ್ಲ. ಮಕ್ಕಳಾಗಲಿ ಎಂದೋ, ಆದ ಮಕ್ಕಳು ಉಳಿಯಲಿ ಎಂದೋ ಹರಕೆ ಹೊತ್ತ ಒಂದೊಂದು ಮನೆಯವರು ಒಂದೊಂದು ಕಾಲದಲ್ಲಿ ತಂದು ಪ್ರತಿಷ್ಠೆ ಮಾಡಿದ್ದು. ಗೊತ್ತಿಲ್ಲದವರ ಕಲ್ಲಿನ ಪಕ್ಕದಲ್ಲಿ ತಮ್ಮ ಕಲ್ಲು ಇಟ್ಟು ಹೋದರು. ಜನ ಕೈ ಸೇರಿಸಿ ಮಾಡುವ ಕಲೆ ಎಂದು ಈಗ ಪಟ್ಟಣದ ಗ್ಯಾಲರಿಗಳಲ್ಲಿ ಮಾತಾಡುತ್ತಾರಲ್ಲ, ನಮ್ಮ ಅಜ್ಜ ಅಜ್ಜಿಯರು ಅದನ್ನು ಹೆಸರಿಡದೆ ಮಾಡಿದ್ದರು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅದೇ ಜಾಗದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಸತ್ತವರು ಮೂವತ್ತಕ್ಕೂ ಹೆಚ್ಚು ಎನ್ನುವುದು ಜನರ ಲೆಕ್ಕ. ಹರಕೆಯ ನೆಲವೇ ಹುತಾತ್ಮರ ನೆಲವೂ ಆಯಿತು. 2001ರಲ್ಲಿ ಆ ಹಳೆಯ ಅರಳಿ ಉರುಳಿತು.

ನೋಡಿ, ಮರ ಹೋಯಿತು ಕಲ್ಲು ಉಳಿಯಿತು ಎನ್ನುತ್ತೀರಿ. ನಿಜ. ಆದರೆ ಅಷ್ಟೊಂದು ಕಲ್ಲು ಅಲ್ಲಿಗೆ ಬಂದದ್ದೇ ಮರವಿತ್ತೆಂದು.

ಕಲ್ಲಿಗೆ ನೀರು ಹಾಕಬೇಕಾಗಿಲ್ಲ ಎಂದಿರಲ್ಲ, ನನ್ನ ತಕರಾರು ಇರುವುದು ಅಲ್ಲೇ. ಕಲ್ಲು ನಿಲ್ಲಿಸಿದ ದಿನ ಊರೆಲ್ಲ ಸೇರುತ್ತದೆ, ಹಾರ ಹಾಕುತ್ತದೆ, ಮನೆಗೆ ಹೋಗುತ್ತದೆ. ಆಮೇಲೆ ನೆನಪಿನ ಕೆಲಸವನ್ನು ಕಲ್ಲಿಗೆ ವಹಿಸಿ ನಾವು ನಿಶ್ಚಿಂತರಾಗುತ್ತೇವೆ. ಸಸಿ ಹಾಗೆ ಬಿಡುವುದಿಲ್ಲ. ಮಾರ್ಚ್ ಬಂದರೆ ಬಾಡುತ್ತದೆ, ಬಿಂದಿಗೆ ಎತ್ತಿಕೊಂಡು ಹೋಗಲೇಬೇಕು. ಹೋಗುವಾಗ ಯಾರ ಹೆಸರಿನ ಗಿಡವೋ ಅವರ ನೆನಪು ಬಂದೇ ಬರುತ್ತದೆ. ಗುಬ್ಬಿ ಕಡೆಯಿಂದ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಮದುವೆಯಾಗಿ ಹೋದ ತಿಮ್ಮಕ್ಕ, ಮಕ್ಕಳಿಲ್ಲದ ಸಂಕಟಕ್ಕೆ, ಗಂಡ ಚಿಕ್ಕಯ್ಯನವರ ಜೊತೆ ಕುದೂರಿನ ರಸ್ತೆಯುದ್ದಕ್ಕೂ 385 ಆಲದ ಗಿಡ ಬೆಳೆಸಿದ್ದು ಹೀಗೇ, ದೂರದಿಂದ ಕೊಡದಲ್ಲಿ ನೀರು ಹೊತ್ತು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಯೋಜನೆಗೆ ಆ ಮರಗಳು ಬಲಿಯಾಗುತ್ತವೇನೋ ಎಂಬ ಆತಂಕವೂ ಬಂತು. ಆಗ ಅಷ್ಟು ವಯಸ್ಸಿನಲ್ಲಿ ಆ ತಾಯಿಯೇ ಮುಖ್ಯಮಂತ್ರಿಯವರಿಗೆ ಮನವಿ ಮಾಡಬೇಕಾಯಿತು. 2025ರ ನವೆಂಬರ್ 14ರಂದು ತಿಮ್ಮಕ್ಕ ಹೋದರು. ಅವರ ಮಟ್ಟಿಗೆ ನೆಡುವುದು ಒಂದು ದಿನದ ಕೆಲಸವಾಗಿರಲಿಲ್ಲ. ನಾನು ಕಲೆ ಎನ್ನುವುದು ಆ ವರ್ಷಗಟ್ಟಲೆಯ ನೀರು ಹೊರುವಿಕೆಯನ್ನು, ನಾನು ನೆಟ್ಟ ನೇರಳೆಯನ್ನಲ್ಲ.

ಫಿನ್ಲೆಂಡಿನಲ್ಲಿ ಆಗ್ನೆಸ್ ಡೆನೆಸ್ ಎಂಬ ಕಲಾವಿದೆ ಜಲ್ಲಿ ತೆಗೆದು ಹಾಳಾಗಿದ್ದ ಜಾಗದಲ್ಲಿ ಒಂದು ದಿಬ್ಬ ಎಬ್ಬಿಸಿ, 1992ರಿಂದ 1996ರವರೆಗೆ 11,000 ಜನರಿಂದ 11,000 ಮರ ನೆಡಿಸಿದರು. ಪ್ರತಿಯೊಬ್ಬರಿಗೂ ಒಂದೊಂದು ಪತ್ರ ಕೊಟ್ಟಿದ್ದಾರೆ. ಆ ಮರ ನಿಮ್ಮದು, ನಿಮ್ಮ ನಂತರ ಮಕ್ಕಳದು, ಮೊಮ್ಮಕ್ಕಳದು ಎಂದು, 400 ವರ್ಷಕ್ಕೆ. ಕ್ರಷರ್‌ಗಳು ಬೆಟ್ಟ ತಿನ್ನುತ್ತಿರುವ ನಮ್ಮ ಜಿಲ್ಲೆಯಲ್ಲಿ ಕೂತು ಓದುವಾಗ ಹೊಟ್ಟೆ ಉರಿಯುತ್ತದೆ.

ನಿಮ್ಮ ಪತ್ರ ಬಂದ ಮೇಲೆ ನಾನೇ ಆ ಹಳ್ಳಿಗೆ ಹೋಗಿಬಂದೆ. ಸುಮಾರು ಮೂರರಲ್ಲಿ ಒಂದು ಸಸಿ ಹೋಗಿದೆ. ಕೆಲವನ್ನು ಮೇಕೆ ತಿಂದಿವೆ, ಕೆಲವು ಬಿಸಿಲಿಗೆ ಹೋಗಿವೆ. ಲೇಖನದಲ್ಲಿ ಇದನ್ನು ಬರೆಯಬೇಕಿತ್ತು, ಬರೆಯಲಿಲ್ಲ, ತಪ್ಪು ನಮ್ಮದು. ಇನ್ನೊಂದು ಸಂಗತಿಯೂ ಲೇಖನದಲ್ಲಿ ಬಿಟ್ಟುಹೋಗಿದೆ. ತೋಪಿನ ಮೂಲೆಯಲ್ಲಿ ಎರಡು ಹೊಂಗೆ ಸಸಿ ಅಕ್ಕಪಕ್ಕ ಇವೆ. ಆ ಎರಡು ಮನೆಗಳ ನಡುವೆ ಹೊಲದ ಬದುವಿನ ಜಗಳ ಕೋರ್ಟಿನಲ್ಲಿದೆ. ಒಂದು ಮನೆಯ ಹೆಂಗಸು ತಮ್ಮ ಗಿಡಕ್ಕೆ ನೀರು ಹಾಕಿ, ಬಿಂದಿಗೆಯಲ್ಲಿ ಉಳಿದದ್ದನ್ನು ಪಕ್ಕದ ಪಾತಿಗೂ ಹಾಕುತ್ತಾರೆ. ಯಾಕೆ ಎಂದು ಕೇಳಿದೆ. "ಅದೂ ಒಂದು ಜೀವ ಅಲ್ವೇನಣ್ಣಾ, ಅವರಪ್ಪ ನಮಗೂ ಒಳ್ಳೇರಾಗೇ ಇದ್ರು" ಅಂದರು. ಎರಡು ಮನೆಯವರಿಗೂ ಮಾತು ಇನ್ನೂ ಶುರುವಾಗಿಲ್ಲ. ಕೇಸೂ ನಡೆಯುತ್ತಲೇ ಇದೆ.

ಶಾಂತಿ ಎಂದು ನಾವು ಬರೆದದ್ದು ಇಷ್ಟನ್ನೇ. ಇದಕ್ಕಿಂತ ದೊಡ್ಡದಾಗಿ ಹೇಳುವ ಧೈರ್ಯ ನನಗಿಲ್ಲ. 1977ರಲ್ಲಿ ಕೀನ್ಯಾದಲ್ಲಿ ಹಸಿರು ಪಟ್ಟಿ ಚಳವಳಿ ಕಟ್ಟಿ, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವಂಗಾರಿ ಮಾಥಾಯ್ ಅವರು ಪ್ರಶಸ್ತಿ ಭಾಷಣದಲ್ಲಿ ತಮ್ಮ ಜನರ ಒಂದು ಪದ್ಧತಿ ಹೇಳಿದ್ದರು. ಕಿಕುಯು ಹಿರಿಯರ ಕೈಯಲ್ಲಿ ತಿಗಿ ಎಂಬ ಮರದ ಕೋಲು ಇರುತ್ತಿತ್ತಂತೆ. ಜಗಳವಾಡುವವರ ನಡುವೆ ಅದನ್ನಿಟ್ಟರೆ ಹೊಡೆದಾಟ ನಿಲ್ಲಿಸಿ ರಾಜಿಗೆ ಕೂರಬೇಕು. ಪಂಗಡಗಳು ಕಾದಾಡಿದ ಕಾಲದಲ್ಲಿ ಅವರ ಚಳವಳಿ ಶಾಂತಿಯ ಗಿಡಗಳನ್ನು ನೆಡಿಸಿತು. ನಮ್ಮಲ್ಲಿ ಆ ಕೆಲಸ ಅರಳಿಕಟ್ಟೆಯದಾಗಿತ್ತು. ಅರಳಿಗೂ ಬೇವಿಗೂ ಮದುವೆ ಮಾಡಿ, ಸುತ್ತ ಕಲ್ಲು ಕಟ್ಟಿ, ನ್ಯಾಯ ಅಲ್ಲೇ ಹೇಳುತ್ತಿದ್ದರು.

ಆದರೆ ಆ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾರು ಕೆಳಗೆ ಕೈಕಟ್ಟಿ ನಿಲ್ಲುತ್ತಿದ್ದರು ಎನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಂಥ ಕಡೆ ಒಂದು ಸಸಿ ನೆಟ್ಟು ಎಲ್ಲ ಮರೆಯೋಣ ಎಂದು ಯಾರಾದರೂ ಹೇಳಿದರೆ ಅದು ಹೊಲಸು ಮಾತು. ನೊಂದವರು ತಾವಾಗಿ ನೆಟ್ಟರೆ ಆ ಮಾತು ಬೇರೆ. ಗುಂಡುತೋಪಿನ ವಿಷಯದಲ್ಲಿ ನಾನು ಆ ಹಳ್ಳಿಯವರನ್ನು ಕೇಳಿದ ಮೊದಲ ಪ್ರಶ್ನೆಯೂ ಇದೇ. ದಲಿತ ಕಾಲೋನಿಯವರ ಗಿಡ ಎಲ್ಲಿವೆ? ಎಲ್ಲರದ್ದೂ ಒಂದೇ ಸಾಲಿನಲ್ಲಿವೆ, ಸತ್ತ ತಾರೀಖಿನ ಪ್ರಕಾರ. ಹಾಗಂತ ತೀರ್ಮಾನ ಮಾಡಿದ್ದು ಹೆಂಗಸರ ಸಂಘ.

ಈಗ ನಿಮ್ಮ ಸಹಿಯ ಕೆಳಗಿನ ಎರಡು ಸಾಲು. "ನಮ್ಮ ಮನೆಯವರು 2021ರ ಮೇ ತಿಂಗಳಲ್ಲಿ ಹೋದರು, ಮುಖ ನೋಡಲೂ ಬಿಡಲಿಲ್ಲ. ನಮ್ಮ ಕಡೆಯ ಮಣ್ಣಿಗೆ ಹೊಂಗೆ ಒಳ್ಳೆಯದೋ, ಹುಣಸೆಯೋ?"

ಮೇಷ್ಟ್ರೇ, ಹೊಂಗೆ ನೆಡಿ. ಮೇಕೆ ಬಾಯಿ ಹಾಕುವುದು ಕಡಿಮೆ, ನಾಲ್ಕೈದು ವರ್ಷಕ್ಕೆ ಕೂರುವಷ್ಟು ನೆರಳಾಗುತ್ತದೆ. ಗುಂಡಿಯನ್ನು ಬೇಸಿಗೆಯಲ್ಲೇ ಎರಡಡಿ ಆಳ, ಎರಡಡಿ ಅಗಲ ತೋಡಿಸಿ ಬಿಸಿಲು ಕುಡಿಯಲು ಬಿಡಿ. ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಸಿಕ್ಕರೆ ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ತುಂಬಿ. ಎರಡು ಹದ ಮಳೆ ಬಿದ್ದ ಮೇಲೆ ನೆಡಿ. ಸುತ್ತ ಜಾಲಿಮುಳ್ಳು ಹಾಕಿ, ಪಾತಿಗೆ ತರಗು ಹೊದಿಸಿ. ಮೊದಲ ಮೂರು ಬೇಸಿಗೆ ವಾರಕ್ಕೆರಡು ಬಿಂದಿಗೆ ನೀರು ಸಾಕು. ನೆಡುವ ದಿನ ಒಂದು ಕಾರ್ಡು ಹಾಕಿ, ನಾನು ಬರುತ್ತೇನೆ. ಫೋಟೊಗ್ರಾಫರನ್ನು ಕರೆದುಕೊಂಡು ಬರುವುದಿಲ್ಲ.

ಕಲ್ಲೂ ಇರಲಿ. ಅದರ ಮೇಲೆ ಅವರ ಹೆಸರು ಕೊರೆಸಿ. ಬುಡದಿಂದ ನಾಲ್ಕಡಿ ಆಚೆ ನಿಲ್ಲಿಸಿ, ಹೊಂಗೆಯ ಬುಡ ದಪ್ಪವಾಗುತ್ತದೆ.

— ಸಂಪಾದಕ