ಮನೆಯಲ್ಲಿ ತೋಟಾ ತುಂಬುವವರಿಗೆ ಮೊದಲ ಪ್ರೆಸ್ ಯಾವುದು?

ಪ್ರೆಸ್ ಎಂದರೆ ಹಾರಿಸಿದ ತೋಟಾದ ಕೇಸನ್ನು (ಹಿತ್ತಾಳೆಯ ಕವಚ) ಡೈ ಎಂಬ ಉಕ್ಕಿನ ಅಚ್ಚಿನೊಳಗೆ ತಳ್ಳಿ ಮತ್ತೆ ತುಂಬಲು ಅಣಿಮಾಡುವ ಕೈಯಂತ್ರ. ಈ ಸಲದ ಪ್ರಶ್ನೆಗಳು ಹೆಚ್ಚಾಗಿ ಅಮೆರಿಕದಲ್ಲಿರುವ ಓದುಗರಿಂದ ಬಂದಿವೆ. ಹಾರಿಸಿದ ಹಿತ್ತಾಳೆ ಕೇಸುಗಳನ್ನು ಮತ್ತೆ ತುಂಬಿ ಸ್ವಂತಕ್ಕೆ ಬಳಸಲು ಅಲ್ಲಿ ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರಲು ಬೇಕು. ರಾಜ್ಯ ಮತ್ತು ನಗರದ ನಿಯಮಗಳು ಬೇರೆ ಇರಬಹುದು, ಮೊದಲು ವಿಚಾರಿಸಿಕೊಳ್ಳಿ. ಭಾರತದ ಕಾನೂನೇ ಬೇರೆ. ಅದು ಕೊಡಗಿನ ಓದುಗರಿಗೆ ಕೊಟ್ಟ ಉತ್ತರದಲ್ಲಿದೆ.

ಪ್ರಶ್ನೆ: ತಿಂಗಳಿಗೆ .308 ರೈಫಲ್‌ಗೆ ನೂರು, 9 ಎಂಎಂ ಪಿಸ್ತೂಲಿಗೆ ನೂರೈವತ್ತು ತೋಟಾ ಸಾಕು. ಅಂಗಡಿಯಲ್ಲಿ ಅಲ್ಯೂಮಿನಿಯಂ ಪ್ರೆಸ್ ಅಗ್ಗಕ್ಕೆ ಸಿಗುತ್ತದೆ, ಎರಕದ ಕಬ್ಬಿಣದ್ದಕ್ಕೆ ಬೆಲೆ ಜಾಸ್ತಿ. ಆ ಹಣಕ್ಕೆ ತಕ್ಕ ಪ್ರಯೋಜನ ಇದೆಯೇ? (ಟೆಕ್ಸಸ್)

ಉತ್ತರ: ಇದೆ, ನಿಮ್ಮ ಪಟ್ಟಿಯಲ್ಲಿ .308 ಇರುವುದರಿಂದ ಖಂಡಿತ ಇದೆ. 9 ಎಂಎಂ ಕೇಸನ್ನು ಯಾವ ಪ್ರೆಸ್ ಬೇಕಾದರೂ ಸಲೀಸಾಗಿ ಹಿಂಡುತ್ತದೆ. ರೈಫಲ್ ಕೇಸಿನ ಮಾತು ಹಾಗಲ್ಲ. ಗುಂಡು ಹಾರಿದಾಗ ಕೇಸು ಬಂದೂಕಿನ ಚೇಂಬರಿನ (ತೋಟಾ ಕೂರುವ ಕುಳಿ) ಅಳತೆಗೆ ಉಬ್ಬಿರುತ್ತದೆ, ಅದನ್ನು ಉದ್ದಕ್ಕೂ ಡೈ ಒಳಗೆ ತಳ್ಳಿ ಕಿರಿದಾಗಿಸಬೇಕು. ಆಗ ಪ್ರೆಸ್ಸಿನ ಚೌಕಟ್ಟು ತುಸು ಹಿಗ್ಗುತ್ತದೆ. ಎಷ್ಟು ಹಿಗ್ಗಿತೋ ಅಷ್ಟು ಕೇಸಿನ ಭುಜ (ಕುತ್ತಿಗೆಯ ಕೆಳಗಿನ ಇಳಿಜಾರು) ಹಿಂದಕ್ಕೆ ಹೋಗದೆ ಉಳಿಯುತ್ತದೆ. ಒಂದು ಕೇಸು ಗಟ್ಟಿ, ಇನ್ನೊಂದು ಮೆದು ಆದರೆ ಎರಡರ ಭುಜವೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಬಂದೂಕಿನ ಬೋಲ್ಟ್ (ಚೇಂಬರ್ ಮುಚ್ಚುವ ಅಗುಳಿ) ಬಿಗಿಯಾಗಿ ಮುಚ್ಚುತ್ತದೆ ಎಂಬ ದೂರು ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ.

ಆದ್ದರಿಂದ ಮೊದಲು ಚೌಕಟ್ಟಿನ ಆಕಾರ ನೋಡಿ, ಆಮೇಲೆ ಲೋಹ. ಮುಂಭಾಗ ತೆರೆದಿರುವ 'ಸಿ' ಆಕಾರದ ಪ್ರೆಸ್ ಹಗುರ ಕೆಲಸಕ್ಕೆ ಸಾಕು. ಸುತ್ತಲೂ ಮುಚ್ಚಿಕೊಂಡ 'ಓ' ಆಕಾರದ, ಎರಕದ ಕಬ್ಬಿಣದ ಪ್ರೆಸ್ ರೈಫಲ್ ಕೇಸಿಗೆ ಸರಿಯಾದದ್ದು. ಆರ್‌ಸಿಬಿಎಸ್ ರಾಕ್ ಚಕರ್ ಸುಪ್ರೀಮ್, ರೆಡ್ಡಿಂಗ್ ಬಿಗ್ ಬಾಸ್ 2, ಲೀ ಕ್ಲಾಸಿಕ್ ಕಾಸ್ಟ್ ಈ ಮೂರೂ ಅಂಥವು. ಹಾರ್ನಡಿ ಲಾಕ್-ಎನ್-ಲೋಡ್ ಕ್ಲಾಸಿಕ್‌ನ ಚೌಕಟ್ಟು ಮಿಶ್ರಲೋಹದ್ದು. ಅದರ ಅನುಕೂಲ ಡೈ ಹಿಡಿಯುವ ಬುಷಿಂಗ್ ಎಂಬ ಬಳೆಯಲ್ಲಿದೆ: ಹೊಂದಿಸಿಟ್ಟ ಡೈಯನ್ನು ಸ್ವಲ್ಪ ತಿರುಗಿಸಿದರೆ ಹೊರಗೆ ಬರುತ್ತದೆ, ಹಾಗೆಯೇ ಮತ್ತೆ ಕೂರುತ್ತದೆ. ಫೋರ್ಸ್ಟರ್ ಕೋ-ಆಕ್ಸ್ ಬೇರೆ ಜಾತಿಯದು. ಅದರ ಚೌಕಟ್ಟಿನಲ್ಲಿ ಡೈ ತಿರುಗಿಸಿ ಕೂರಿಸುವ ಮರೆ (ತಿರುಪಿನ ಸುತ್ತು) ಇಲ್ಲ, ಡೈಯ ಲಾಕ್ ರಿಂಗ್ ಒಂದು ಸೀಳಿನೊಳಗೆ ಜಾರಿ ಕೂರುತ್ತದೆ. ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್ ಬದಲು ಸ್ಪ್ರಿಂಗ್ ದವಡೆಗಳು ಕೇಸನ್ನು ಹಿಡಿಯುತ್ತವೆ. ಡೈಯೂ ಕೇಸೂ ತಾವಾಗಿಯೇ ನೇರವಾಗುವಂಥ ಒಳ್ಳೆಯ ವಿನ್ಯಾಸ, ಆದರೆ ಮೊದಲ ಪ್ರೆಸ್ಸಿಗೆ ಅಷ್ಟು ಹಣ ಹಾಕಬೇಕಾಗಿಲ್ಲ.

ಎರಕದ ಕಬ್ಬಿಣದ ಆ ಮೂರರಲ್ಲಿ ನಮ್ಮ ಆಯ್ಕೆ ಲೀ ಕ್ಲಾಸಿಕ್ ಕಾಸ್ಟ್ ಅಥವಾ ಬಿಗ್ ಬಾಸ್ 2. ಕಾರಣ, ಹಳೆಯ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬುಡದ ಪುಟ್ಟ ಬಟ್ಟಲು) ರ್‍ಯಾಮ್‌ನ (ಕೇಸನ್ನು ಡೈಗೆ ಎತ್ತುವ ದಂಡ) ಒಳಗಿನಿಂದಲೇ ಇಳಿದು ಕೊಳವೆ ಸೇರುತ್ತದೆ. ಹೊರಗಿನ ತಟ್ಟೆಗೆ ಬೀಳಿಸುವ ಪ್ರೆಸ್ಸುಗಳಲ್ಲಿ ಕೆಲವು ತಪ್ಪಿಸಿಕೊಂಡು ನೆಲಕ್ಕೆ ಹಾರುತ್ತವೆ. ಸುಟ್ಟ ಪ್ರೈಮರಿನ ಮಸಿ ಒರಟು, ರ್‍ಯಾಮ್ ಸವೆಸುತ್ತದೆ. ಅದರಲ್ಲಿ ಸೀಸವೂ ಇರುತ್ತದೆ. ಮಕ್ಕಳು ಅಂಬೆಗಾಲಿಡುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಕೆಲಸದ ನಡುವೆ ಏನೂ ತಿನ್ನಬೇಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ನಿಮ್ಮ ಲೆಕ್ಕಕ್ಕೆ ಸಿಂಗಲ್ ಸ್ಟೇಜ್ (ಒಮ್ಮೆಗೆ ಒಂದೇ ಡೈ ಕೂರುವ ಪ್ರೆಸ್) ಸಾಕು. .308ಗೆ ಎರಡು ಡೈ, ಅಂದರೆ ನೂರು ತೋಟಾಕ್ಕೆ ಇನ್ನೂರು ಸಲ ಹಿಡಿಕೆ ಎಳೆಯಬೇಕು. 9 ಎಂಎಂಗೆ ಮೂರು ಡೈ: ಕಿರಿದಾಗಿಸಲು, ಬಾಯಿ ಅಗಲಿಸಲು, ಗುಂಡು ಕೂರಿಸಿ ಬಾಯಿ ಬಿಗಿಯಲು. ನೂರೈವತ್ತಕ್ಕೆ ನಾನೂರೈವತ್ತು ಎಳೆತ. ಪಿಸ್ತೂಲಿನ ಬಳಕೆ ವಾರಕ್ಕೆ ಮುನ್ನೂರು ದಾಟಿದರೆ ಹಲವು ಡೈಗಳನ್ನು ತಿರುಗುವ ತಲೆಯಲ್ಲಿ ಹಿಡಿಯುವ ಟರೆಟ್ ಪ್ರೆಸ್ ಯೋಚಿಸಿ. ಆಗಲೂ ರೈಫಲ್‌ಗೆ ಈ ಕಬ್ಬಿಣದ ಪ್ರೆಸ್ ಉಳಿಯಲಿ.

ಡೈಗಳ ಮರೆ 7/8 ಇಂಚು, ಇಂಚಿಗೆ 14 ಸುತ್ತು. ಇದು ಬಹುತೇಕ ಎಲ್ಲ ಕಂಪನಿಗಳಿಗೂ ಸಾಮಾನ್ಯ, ಹೆಚ್ಚಾಗಿ ಒಬ್ಬರ ಡೈ ಇನ್ನೊಬ್ಬರ ಪ್ರೆಸ್ಸಿಗೆ ಹೊಂದುತ್ತದೆ. ಪ್ರೆಸ್ಸಿನಲ್ಲಿ ಉಳಿಸಿದ ಹಣವನ್ನು ಇವುಗಳಿಗೆ ಹಾಕಿ: ಗ್ರೇನಿನ (ಮದ್ದು ತೂಗುವ ಸಣ್ಣ ಅಳತೆ) ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ, ಅದನ್ನು ಪರೀಕ್ಷಿಸುವ ತೂಕದ ಬಟ್ಟುಗಳು, ಆರು ಇಂಚಿನ ಕ್ಯಾಲಿಪರ್, ಭುಜ ಅಳೆಯುವ ಕಂಪ್ಯಾರೇಟರ್, ಇತ್ತೀಚಿನ ಮುದ್ರಣದ ಒಂದು ಲೋಡಿಂಗ್ ಕೈಪಿಡಿ. ಮದ್ದಿನ ಪ್ರಮಾಣವನ್ನು ಆ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಅದರಲ್ಲಿ ಕೊಟ್ಟ ಕನಿಷ್ಠದಿಂದ ಶುರುಮಾಡಿ. ಗೆಳೆಯರು ಬಾಯಲ್ಲಿ ಹೇಳಿದ ಅಂಕಿ ಬೇಡ.

ಪ್ರಶ್ನೆ: ಡೈಯನ್ನು ಶೆಲ್ ಹೋಲ್ಡರಿಗೆ ತಾಗುವವರೆಗೆ ಇಳಿಸಿದ್ದೇನೆ. ಆದರೂ ಕೆಲವು .308 ತೋಟಾಗಳ ಮೇಲೆ ಬೋಲ್ಟ್ ಬಿಗಿಯಾಗಿ ಮುಚ್ಚುತ್ತದೆ. ಪ್ರೆಸ್ ಬದಲಿಸಬೇಕೇ? (ನ್ಯೂಜೆರ್ಸಿ)

ಉತ್ತರ: ಬೇಡ. ಖಾಲಿ ಪ್ರೆಸ್ಸಿನಲ್ಲಿ ತಾಗಿಸಿ ನೋಡಿದ್ದು ಸಾಲದು. ಎಣ್ಣೆ ಸವರಿದ ಕೇಸು ಒಳಗಿದ್ದು ಹಿಡಿಕೆ ಪೂರ್ತಿ ಕೆಳಗಿರುವಾಗ ಬಗ್ಗಿ ನೋಡಿ. ಡೈ ತಳಕ್ಕೂ ಶೆಲ್ ಹೋಲ್ಡರಿಗೂ ನಡುವೆ ಬೆಳಕಿನ ಗೆರೆ ಕಂಡರೆ ಚೌಕಟ್ಟು ಅಷ್ಟು ಹಿಗ್ಗಿದೆ ಎಂದರ್ಥ. ಡೈಯನ್ನು ಇನ್ನಷ್ಟು ಇಳಿಸಿ, ಆದರೆ ಅಂದಾಜಿನಲ್ಲಿ ಬೇಡ. ಒಂದು ಪೂರ್ತಿ ಸುತ್ತಿಗೆ ಡೈ 0.071 ಇಂಚು ಇಳಿಯುತ್ತದೆ, ಎಂಟನೇ ಒಂದು ಸುತ್ತಿಗೆ ಸುಮಾರು 0.009. ನಿಮಗೆ ಬೇಕಾದದ್ದು 0.002 ಇಂಚಿನ ಬದಲಾವಣೆ, ಅಂದರೆ ಹತ್ತು ಡಿಗ್ರಿ ಮಾತ್ರ. ಡೈ ಮೇಲೂ ಪ್ರೆಸ್ ಮೇಲೂ ಪೆನ್ನಿನಿಂದ ಗೆರೆ ಎಳೆದುಕೊಂಡು ತಿರುಗಿಸಿ. ನಿಮ್ಮದೇ ಬಂದೂಕಿನಲ್ಲಿ ಹಾರಿಸಿದ ಕೇಸಿನ ಭುಜವನ್ನು ಕಂಪ್ಯಾರೇಟರಿನಿಂದ ಅಳೆದು, ಬೋಲ್ಟ್ ರೈಫಲ್ ಆದರೆ ಅದಕ್ಕಿಂತ 0.001ರಿಂದ 0.002 ಇಂಚು ಹಿಂದಕ್ಕೆ ತನ್ನಿ. ಸೆಮಿ ಆಟೋಮ್ಯಾಟಿಕ್ ಆದರೆ 0.003ರಿಂದ 0.005. ಇನ್ನೂ ಹಿಂದಕ್ಕೆ ಹೋದರೆ ಬೋಲ್ಟ್ ಸಲೀಸಾಗಿ ಮುಚ್ಚುತ್ತದೆ ನಿಜ, ಆದರೆ ಪ್ರತಿಸಲ ಹಾರಿದಾಗ ಹಿತ್ತಾಳೆ ಬುಡದ ಹತ್ತಿರ ಎಳೆದು ತೆಳ್ಳಗಾಗುತ್ತದೆ, ಕೊನೆಗೆ ಅಲ್ಲೇ ಹರಿಯುತ್ತದೆ.

ಕೇಸಿನ ಉದ್ದವನ್ನೂ ಅಳೆಯಿರಿ. .308ಗೆ ಗರಿಷ್ಠ 2.015 ಇಂಚು, ಕತ್ತರಿಸಬೇಕಾದ ಅಳತೆ 2.005. ಉದ್ದವಾದ ಕೇಸಿನ ಬಾಯಿ ಚೇಂಬರಿನ ತುದಿಗೆ ಒತ್ತಿ ಗುಂಡನ್ನು ಬಿಗಿಹಿಡಿಯುತ್ತದೆ. ಆಗ ಬೋಲ್ಟ್ ಬಿಗಿಯಾಗುವುದಷ್ಟೇ ಅಲ್ಲ, ಒತ್ತಡವೂ ಅಪಾಯದ ಮಟ್ಟಕ್ಕೇರುತ್ತದೆ.

ಪ್ರಶ್ನೆ: ಕೇಸು ಡೈನಲ್ಲಿ ಸಿಕ್ಕಿಕೊಂಡಿದೆ. ಎಳೆದಾಗ ಬುಡದ ಅಂಚು ಕಿತ್ತುಬಂತು. ಏನು ಮಾಡಲಿ? (ಓಹಾಯೊ)

ಉತ್ತರ: ಇನ್ನು ಬಲ ಹಾಕಬೇಡಿ. ಡೈಯನ್ನು ಪ್ರೆಸ್ಸಿನಿಂದ ಬಿಚ್ಚಿ, ಹಳೆಯ ಪ್ರೈಮರ್ ತಳ್ಳುವ ಡಿಕ್ಯಾಪಿಂಗ್ ಕಡ್ಡಿಯನ್ನು ಆದಷ್ಟು ಮೇಲಕ್ಕೆ ತಿರುಗಿಸಿಕೊಳ್ಳಿ. ಪ್ರೈಮರ್ ಹೊರಗೆ ಹೋಗಿದೆ ಎಂದು ಖಚಿತಮಾಡಿಕೊಂಡು, ಕನ್ನಡಕ ಹಾಕಿ, ಪ್ರೈಮರ್ ಕುಳಿಯ ನಡುವೆ 7ನೇ ನಂಬರಿನ ಡ್ರಿಲ್ ಬಿಟ್ಟಿನಿಂದ ತೂತು ಕೊರೆಯಿರಿ. ಅದಕ್ಕೆ ಕಾಲಿಂಚು, 20 ಮರೆಯ ಟ್ಯಾಪ್ ಹಾಕಿ. ಸ್ಟಕ್ ಕೇಸ್ ರಿಮೂವರಿನ ಬಟ್ಟಲನ್ನು ಡೈ ತಳಕ್ಕೆ ಕೂರಿಸಿ ಬೋಲ್ಟ್ ತಿರುಗಿಸುತ್ತಾ ಹೋದರೆ ಕೇಸು ನಿಧಾನವಾಗಿ ಹೊರಬರುತ್ತದೆ.

ಕಾರಣ ಎಣ್ಣೆ ಕಡಿಮೆಯಾದದ್ದು. ಹೊಸ ಡೈಗೆ ಕಾರ್ಖಾನೆಯವರು ತುಕ್ಕು ಹಿಡಿಯದಂತೆ ಬಳಿದಿರುವುದನ್ನು ಒರೆಸಿ ತೆಗೆಯಿರಿ. ಸೈಜಿಂಗ್ ವ್ಯಾಕ್ಸ್ ಆದರೆ ಬೆರಳತುದಿಯಲ್ಲಿ ತೆಳ್ಳಗೆ ಕೇಸಿನ ಮೈಗೆ, ಬುಡದ ಕಡೆಗೆ ಗಮನವಿಟ್ಟು ಸವರಿ. ಕುತ್ತಿಗೆಯ ಒಳಗೆ ಬ್ರಷ್ಷಿನಿಂದ ಚೂರು. ಭುಜಕ್ಕೆ ಬೇಡ, ಅಲ್ಲಿ ಸೇರಿಕೊಂಡ ಎಣ್ಣೆ ಹಿತ್ತಾಳೆಯನ್ನು ತಗ್ಗುಮಾಡುತ್ತದೆ. ಸ್ಪ್ರೇ ಬಳಸುವವರು ದ್ರಾವಕ ಆರುವವರೆಗೆ ಕಾಯಬೇಕು. 9 ಎಂಎಂಗೆ ಕಾರ್ಬೈಡ್ ಡೈ ಕೊಂಡರೆ ಎಣ್ಣೆಯ ಗೋಜೇ ಇಲ್ಲ.

ಪ್ರಶ್ನೆ: ಬಾಡಿಗೆ ಅಪಾರ್ಟ್‌ಮೆಂಟ್. ಗೋಡೆಗೆ, ಮೇಜಿಗೆ ತೂತು ಹಾಕುವಂತಿಲ್ಲ. ಪ್ರೆಸ್ ಎಲ್ಲಿ ಕೂರಿಸಲಿ? (ಸಿಯಾಟಲ್)

ಉತ್ತರ: ಮುಕ್ಕಾಲು ಇಂಚಿನ ಎರಡು ಪ್ಲೈವುಡ್ ತುಂಡುಗಳನ್ನು ಅಂಟಿಸಿ ಒಂದೂವರೆ ಇಂಚಿನ ಹಲಗೆ ಮಾಡಿಕೊಳ್ಳಿ. ಪ್ರೆಸ್ಸನ್ನು ಅದಕ್ಕೆ ಆರಪಾರ ಹೋಗುವ ಬೋಲ್ಟ್ ಹಾಕಿ, ಕೆಳಗೆ ಅಗಲ ವಾಷರ್ ಕೊಟ್ಟು ಬಿಗಿಯಿರಿ. ಮರದ ಸ್ಕ್ರೂ ಕೆಲವೇ ದಿನದಲ್ಲಿ ಸಡಿಲವಾಗುತ್ತದೆ. ಬೋಲ್ಟಿನ ತಲೆ ಮೇಜಿಗೆ ತಾಗದಂತೆ ಹಲಗೆಯಲ್ಲಿ ಹುದುಗಿಸಿ. ಈ ಹಲಗೆಯನ್ನು ಭಾರವಾದ ಮೇಜಿನ ಕಾಲಿನ ನೇರಕ್ಕೆ ಎರಡು ಸಿ-ಕ್ಲ್ಯಾಂಪ್‌ಗಳಿಂದ ಹಿಡಿಸಿ. ಮೇಜಿನ ನಡುಭಾಗದಲ್ಲಿ ಕೂರಿಸಿದರೆ ಹಲಗೆ ಬಾಗಿ, ಎಷ್ಟು ಗಟ್ಟಿ ಪ್ರೆಸ್ ಕೊಂಡಿದ್ದರೂ ಪ್ರಯೋಜನವಿಲ್ಲ. ಹಿಡಿಕೆ ಎಳೆದಾಗ ಮೇಜಿನ ಹಿಂಭಾಗ ಏಳುತ್ತದೆ, ಗುಂಡಿನ ಪೆಟ್ಟಿಗೆಗಳನ್ನು ಹಿಂದೆ, ಕೆಳಗಿನ ಅಟ್ಟಣೆಯಲ್ಲಿಡಿ.

ಮದ್ದಿನ ಬಗ್ಗೆಯೂ ಒಂದು ಮಾತು. ಅಮೆರಿಕದ ಅಗ್ನಿ ಸುರಕ್ಷಾ ಸಂಸ್ಥೆ ಎನ್‌ಎಫ್‌ಪಿಎಯ 495ನೇ ನಿಯಮದ ಪ್ರಕಾರ ಮನೆಯಲ್ಲಿ 20 ಪೌಂಡ್‌ವರೆಗೆ ಹೊಗೆರಹಿತ ಮದ್ದನ್ನು ಮೂಲ ಡಬ್ಬಿಗಳಲ್ಲೇ ಇಡಬಹುದು, ಪ್ರೈಮರ್ ಹತ್ತು ಸಾವಿರದವರೆಗೆ. ಊರಿನ ನಿಯಮ, ಬಾಡಿಗೆ ಕರಾರು ಇನ್ನೂ ಬಿಗಿ ಇರಬಹುದು. ಉಕ್ಕಿನ ತಿಜೋರಿಯಲ್ಲಿ ಬಿಗಿಯಾಗಿ ಮುಚ್ಚಿಡಬೇಡಿ. ಬಯಲಿನಲ್ಲಿ ಉರಿದುಹೋಗುವ ಮದ್ದು, ಕಟ್ಟಿಹಾಕಿದ ಜಾಗದಲ್ಲಿ ಸಿಡಿಯುತ್ತದೆ. ಮೇಜಿನ ಮೇಲೆ ಒಮ್ಮೆಗೆ ಒಂದೇ ಡಬ್ಬಿ ಇರಲಿ. ಸುರಿದ ಮೇಲೆ ಎಲ್ಲ ಕೇಸುಗಳನ್ನೂ ಲೋಡಿಂಗ್ ಬ್ಲಾಕ್‌ನಲ್ಲಿ ನಿಲ್ಲಿಸಿ ಟಾರ್ಚ್ ಹಾಕಿ ಒಳಗೆ ನೋಡಿ. 9 ಎಂಎಂನಲ್ಲಿ ಕೆಲವು ಮದ್ದುಗಳು ಎರಡು ಸಲ ಸುರಿದರೂ ಚೆಲ್ಲದಷ್ಟು ಕಡಿಮೆ ಜಾಗ ತುಂಬುತ್ತವೆ. ಒಂದು ಕೇಸಿಗೆ ಬೀಳದೇ ಹೋದರೂ ಕೇಡೇ: ಗುಂಡು ನಳಿಗೆಯಲ್ಲೇ ನಿಂತು, ಮುಂದಿನ ಈಡು ನಳಿಗೆಯನ್ನು ಸೀಳಬಹುದು.

ಪ್ರಶ್ನೆ: ನಮ್ಮಲ್ಲಿ ವಿನಾಯಿತಿ ಪತ್ರವಿರುವ 12 ಬೋರ್ ಕೋವಿ ಇದೆ. ಅಮೆರಿಕದಿಂದ ಮಗ ಪ್ರೆಸ್ ತಂದುಕೊಟ್ಟರೆ ತೋಟಾ ತುಂಬಿಕೊಳ್ಳಬಹುದೇ? (ಮಡಿಕೇರಿ)

ಉತ್ತರ: ತರಿಸಬೇಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್‌ವರೆಗೆ ಇರುವ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಕಲಮುಗಳಿಂದ, ಅಂದರೆ ಕೋವಿ ಇಟ್ಟುಕೊಳ್ಳುವುದಕ್ಕೆ. ತೋಟಾ ತಯಾರಿಸುವುದು 5ನೇ ಕಲಮಿಗೆ ಸೇರಿದ್ದು, ಅದಕ್ಕೆ ಬೇರೆ ಪರವಾನಗಿ ಬೇಕು, ವಿನಾಯಿತಿ ಅಲ್ಲಿಗೆ ಚಾಚುವುದಿಲ್ಲ. ಯಂತ್ರದ ದೃಷ್ಟಿಯಿಂದಲೂ ಮೇಲೆ ಹೇಳಿದ ಪ್ರೆಸ್ಸುಗಳು ಹಿತ್ತಾಳೆ ಕೇಸಿನವು. 12 ಬೋರಿನ ತೋಟಾಕ್ಕೆ ವ್ಯಾಡ್ (ಮದ್ದು, ಚರೆಗಳ ನಡುವಿನ ಬಿರಡೆ), ಚರೆ, ಮಡಿಸಿ ಮುಚ್ಚುವ ಬಾಯಿ ಇರುವುದರಿಂದ ಅದಕ್ಕೆ ಬೇರೆಯದೇ ಯಂತ್ರವಿದೆ.

ಪ್ರಶ್ನೆ: ಹಳೆಯ ಪ್ರೆಸ್ ಅರ್ಧ ಬೆಲೆಗೆ ಸಿಗುತ್ತಿದೆ. ಏನೇನು ನೋಡಬೇಕು? (ಚಿಕಾಗೊ)

ಉತ್ತರ: ಎರಕದ ಕಬ್ಬಿಣದ ಹಳೆಯ ಪ್ರೆಸ್ ಒಳ್ಳೆಯ ವ್ಯಾಪಾರವೇ. ರ್‍ಯಾಮನ್ನು ಪೂರ್ತಿ ಮೇಲೆತ್ತಿ ಬೆರಳಿನಿಂದ ಅಡ್ಡಕ್ಕೆ ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು ಅಲ್ಲಾಡಿದರೆ ಬಿಟ್ಟುಬಿಡಿ, ಆ ಸವೆತ ಸರಿಮಾಡುವಂಥದ್ದಲ್ಲ. ಲಿಂಕಿನ ಪಿನ್ನುಗಳು ಸಡಿಲವಾಗಿದ್ದರೆ ಬದಲಿಸಬಹುದು. ಬೋಲ್ಟ್ ಕೂರುವ ಕಿವಿಗಳ ಬಳಿ ಕೂದಲೆಳೆಯ ಬಿರುಕಿದೆಯೇ ಎಂದು ಎಣ್ಣೆ ಒರೆಸಿ ನೋಡಿ. ನಿಮ್ಮದೇ ಒಂದು ಡೈ, ಒಂದು ಶೆಲ್ ಹೋಲ್ಡರ್ ಕೈಯಲ್ಲಿ ಒಯ್ದು ಕೂರಿಸಿ ನೋಡುವುದು ಎಲ್ಲಕ್ಕಿಂತ ಮುಖ್ಯ. ಹರ್ಟರ್ಸ್‌ನಂಥ ಕೆಲವು ಹಳೆಯ ಪ್ರೆಸ್ಸುಗಳಿಗೆ ಅವರದೇ ಶೆಲ್ ಹೋಲ್ಡರ್ ಬೇಕು, ಈಗಿನದು ಹೊಂದುವುದಿಲ್ಲ. ಜೊತೆಗೆ ತೆರೆದ ಮದ್ದಿನ ಡಬ್ಬಿ ಬಿಟ್ಟಿ ಕೊಟ್ಟರೂ ಬಳಸಬೇಡಿ, ಚೀಟಿಯ ಮೇಲಿರುವ ಹೆಸರಿನ ಮದ್ದೇ ಒಳಗಿದೆ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ.