ನೆಟ್ಲಿ ಏಕೆ ಉಳಿಯಲಿಲ್ಲ?

ಇಂಗ್ಲೆಂಡಿನ ನೆಟ್ಲಿ ಸೇನಾ ಆಸ್ಪತ್ರೆಯ ಬಗ್ಗೆ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ: ‘ಕಾಲು ಮೈಲಿ ಉದ್ದದ ಭವ್ಯ ಕಟ್ಟಡವನ್ನು 1966ರಲ್ಲಿ ನೆಲಸಮ ಮಾಡಿ, ನಡುವಿನ ಪ್ರಾರ್ಥನಾ ಮಂದಿರವನ್ನಷ್ಟೇ ಉಳಿಸಿಕೊಂಡರು. ದುರಸ್ತಿ ಮಾಡಿ ಬೇರೆ ಕೆಲಸಕ್ಕೆ ಬಳಸಬಹುದಿತ್ತಲ್ಲವೇ?’

ಬಳಸುವುದು ಸುಲಭವಿರಲಿಲ್ಲ ಸ್ವಾಮಿ. ಅದರ ಬೀಜ ನಕ್ಷೆಯಲ್ಲೇ ಇತ್ತು. ಕ್ರಿಮಿಯಾ ಯುದ್ಧದಲ್ಲಿ ಗುಂಡಿಗಿಂತ ರೋಗಕ್ಕೇ ಹೆಚ್ಚು ಸೈನಿಕರು ಬಲಿಯಾದ ಮೇಲೆ, ಸೌತಾಂಪ್ಟನ್ ಬಳಿ ನೀರಿನಂಚಿನಲ್ಲಿ ಈ ಆಸ್ಪತ್ರೆಗೆ 1856ರಲ್ಲಿ ವಿಕ್ಟೋರಿಯಾ ರಾಣಿ ಶಂಕುಸ್ಥಾಪನೆ ಮಾಡಿದರು. ನಕ್ಷೆ ನೋಡಿದ ಫ್ಲಾರೆನ್ಸ್ ನೈಟಿಂಗೇಲ್ ಕೆರಳಿದರು. ಬಿಸಿಲು ಬೀಳುವ, ನೀರು ಕಾಣುವ ಬದಿಯೆಲ್ಲ ಉದ್ದನೆಯ ಕಾರಿಡಾರಿನ ಪಾಲಾಗಿತ್ತು. ರೋಗಿಗಳ ವಾರ್ಡುಗಳು ಹಿಂಬದಿಗೆ. ಪ್ರಧಾನಿ ಪಾಮರ್‌ಸ್ಟನ್ ಕೂಡ ಅವರ ಪರ ನಿಂತು, ನೀರಿನ ಮೇಲಿಂದ ನೋಡುವವರ ಕಣ್ಣಿಗೆ ಮೆರೆಯಲೆಂದು ರೋಗಿಗಳ ಹಿತವನ್ನು ಬಲಿಕೊಡಲಾಗಿದೆ ಎಂದು ಯುದ್ಧ ಮಂತ್ರಿಗೆ ಖಾರವಾಗಿಯೇ ಬರೆದರು. ಅಷ್ಟು ಹೊತ್ತಿಗೆ 70,000 ಪೌಂಡ್ ಕರಗಿತ್ತು. ಪಾಯ ಎದ್ದಾಗಿದೆ ಎಂಬ ವಾದದ ಮುಂದೆ ಪ್ರಧಾನಿಯ ಮಾತೂ ನಡೆಯಲಿಲ್ಲ. 1863ರಲ್ಲಿ ಆಸ್ಪತ್ರೆ ತೆರೆಯಿತು. ಹಡಗಿನಿಂದ ರೋಗಿಗಳನ್ನು ಇಳಿಸಲು ಕಟ್ಟಿದ ಕಟ್ಟೆಯಾದರೋ ಆಳದ ನೀರನ್ನು ಮುಟ್ಟಲೇ ಇಲ್ಲ!

ಅಲ್ಲಿ ಒಳ್ಳೆಯ ಕೆಲಸವೂ ನಡೆಯಿತು. ಆಲ್ಮ್‌ರಾತ್ ರೈಟ್ ಟೈಫಾಯಿಡ್ ಲಸಿಕೆಯ ಸಂಶೋಧನೆ ಮಾಡಿದ್ದು ಅಲ್ಲಿನ ಸೇನಾ ವೈದ್ಯಕೀಯ ಶಾಲೆಯಲ್ಲಿ. ಮಲೇರಿಯಾದ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್ ಭಾರತಕ್ಕೆ ಬರುವ ಮುನ್ನ ತರಬೇತಿ ಪಡೆದದ್ದೂ ಅಲ್ಲೇ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೂ ಅಲ್ಲಿ ಚಿಕಿತ್ಸೆ ನಡೆದಿತ್ತು. ಎರಡನೆಯ ಯುದ್ಧದಲ್ಲಿ ಬಂದ ಅಮೆರಿಕನ್ನರು ಆ ಕಾರಿಡಾರಿನಲ್ಲಿ ಜೀಪು ಓಡಿಸಿದರಂತೆ. ಅದಕ್ಕೆ ಅದು ಹೇಳಿ ಮಾಡಿಸಿದ ಜಾಗ ಬಿಡಿ.

ಇದರ ಪಕ್ಕದಲ್ಲಿ ಲಂಡನ್ನಿನ ವುಲಿಚ್‌ನ ಹರ್ಬರ್ಟ್ ಸೇನಾ ಆಸ್ಪತ್ರೆಯನ್ನಿಟ್ಟು ನೋಡಿ. ನೈಟಿಂಗೇಲರ ವಿಚಾರದಂತೆ, ಅವರ ಬಂಧು ಡಗ್ಲಸ್ ಗಾಲ್ಟನ್ ರೂಪಿಸಿದ ಅದು 1865ರಲ್ಲಿ ತೆರೆಯಿತು. ಬಿಡಿಬಿಡಿ ರೆಕ್ಕೆಗಳು, ಪ್ರತಿ ವಾರ್ಡಿಗೂ ಎರಡೂ ಬದಿ ಕಿಟಕಿ. ಆಸ್ಪತ್ರೆ 1977ರಲ್ಲಿ ಮುಚ್ಚಿತು. 1990ರ ದಶಕದಲ್ಲಿ ಅದೇ ರೆಕ್ಕೆಗಳು ವಾಸದ ಫ್ಲ್ಯಾಟ್‌ಗಳಾದವು. ಕಾರಣ ಸರಳವೆಂದು ನನ್ನ ಎಣಿಕೆ: ರೋಗಿಗೆ ಹಿತವಾದ ಗಾಳಿ ಬೆಳಕು ಸಂಸಾರಕ್ಕೂ ಹಿತವೇ. ನೆಟ್ಲಿಯ ಅರ್ಧ ಸೊಬಗೆಲ್ಲ ಯಾರೂ ವಾಸಿಸಲಾಗದ ಕಾರಿಡಾರಿನಲ್ಲಿತ್ತು. 1963ರ ಬೆಂಕಿ ಉಳಿದದ್ದನ್ನು ಮುಗಿಸಿತು.

ಪ್ರಾರ್ಥನಾ ಮಂದಿರ ಮಾತ್ರ 2018ರಲ್ಲಿ ದುರಸ್ತಿಯಾಗಿ ಮತ್ತೆ ತೆರೆದಿದೆ. ಒಳಗೆ ಆಸ್ಪತ್ರೆಯ ಇತಿಹಾಸದ ಪ್ರದರ್ಶನವಿದೆ, ಗೋಪುರವನ್ನು ಹತ್ತಬಹುದು. ಅಷ್ಟನ್ನಾದರೂ ಕಾಪಾಡಿದವರನ್ನು ದೂರಬೇಡಿ; ನಿಮ್ಮ ಸಿಟ್ಟು ನಕ್ಷೆಗೆ ಒಪ್ಪಿಗೆಯ ಮುದ್ರೆ ಒತ್ತಿದವರ ಮೇಲಿರಲಿ.

—ಸಂ.